ಕಂಪ್ಯೂಟರ್ ಕೋಣೆಯ ಬಾಗಿಲಿಗೆ ‘ನಾಳೆ ಬಾ’

ನಿರ್ವಹಣಾ ಕಾಮಗಾರಿ ಇರುವ ಪ್ರಯುಕ್ತ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಇಂತಿಂಥ ಬಡಾವಣೆಗಳಲ್ಲಿ ವಿದ್ಯುತ್ ವ್ಯತ್ಯಯವಾಗಲಿದೆ, ಸಾರ್ವಜನಿಕರು ಸಹಕರಿಸಬೇಕು. ಪತ್ರಿಕೆಯ ಮೂಲೆಯಲ್ಲಿ ಬರುವ ಈ ನಾಲ್ಕು ಸಾಲನ್ನು ಶಿವಮೊಗ್ಗದ ಪೇಟೆಯಲ್ಲಿ ಓದದವರಿಲ್ಲ. ರಾಜಕೀಯದ ಸುದ್ದಿ ಬಿಟ್ಟರೂ ಇದನ್ನು ಬಿಡುವುದಿಲ್ಲ.

ಹಿಟ್ಟಿನ ಗಿರಣಿಯವನು ಹಿಂದಿನ ರಾತ್ರಿಯೇ ಗೋಧಿ, ರಾಗಿ ಬೀಸಿ ಡಬ್ಬಗಳನ್ನು ಸಾಲಾಗಿ ಇಟ್ಟಿರುತ್ತಾನೆ. ಜೆರಾಕ್ಸ್ ಅಂಗಡಿಯವನು ಹತ್ತು ಗಂಟೆಯೊಳಗೆ ಕೋರ್ಟಿನ ಕಾಗದ ಮುಗಿಸಿ ಕೊಡುತ್ತಾನೆ. ವೆಲ್ಡಿಂಗ್ ಶಾಪಿನವನು ಅವತ್ತು ಕಬ್ಬಿಣ ಕತ್ತರಿಸಲಿಕ್ಕೆ, ಬಣ್ಣ ಬಳಿಯಲಿಕ್ಕೆ ಹುಡುಗರನ್ನು ಹಚ್ಚುತ್ತಾನೆ. ಮನೆಯ ಹೆಂಗಸರು ಟ್ಯಾಂಕ್ ತುಂಬಿಸಿ, ದೋಸೆಗೆ ರುಬ್ಬಿ, ಮಿಕ್ಸಿ ಕೆಲಸ ಮುಗಿಸಿ ಕೂತಿರುತ್ತಾರೆ. ಯಾರಿಗೂ ಯಾರೂ ಪಾಠ ಹೇಳಿಕೊಟ್ಟಿಲ್ಲ. ಹೊಟ್ಟೆಪಾಡು ಕಲಿಸಿದೆ.

ಈ ನಾಲ್ಕು ಸಾಲನ್ನು ಓದಿಯೂ ಏನೂ ಮಾಡದೆ ಕೂರುವ ಜಾಗ ಒಂದೇ. ಅದು ಶಾಲೆ. ಪಾಠ ಹೇಳುವ ಜಾಗವೇ ಈ ಒಂದು ಪಾಠ ಕಲಿತಿಲ್ಲ.

ಗುರುವಾರ ನಾಲ್ಕನೇ ಪೀರಿಯಡ್ಡು ಒಂಬತ್ತನೇ ತರಗತಿಗೆ ಕಂಪ್ಯೂಟರ್ ಅಂತ ಜೂನ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮುಗಿಯಿತು, ಅದು ಮಾರ್ಚ್‌ವರೆಗೆ ಶಿಲಾಶಾಸನ. ಗುರುವಾರ ಕರೆಂಟ್ ಹೋಗುತ್ತದೆಂದು ಬುಧವಾರವೇ ಊರಿಗೆಲ್ಲ ಗೊತ್ತು. ಆದರೂ ಗುರುವಾರ ಮಕ್ಕಳು ಚಪ್ಪಲಿ ಬಿಟ್ಟು ಲ್ಯಾಬಿನ ಮುಂದೆ ಸಾಲು ನಿಲ್ಲಬೇಕು, “ಕರೆಂಟಿಲ್ಲ ಕಣ್ರೋ, ನಾಳೆ ನೋಡೋಣ” ಅನ್ನಿಸಿಕೊಂಡು ವಾಪಸ್ ಬರಬೇಕು. ದೆವ್ವ ಬರಬಾರದು ಅಂತ ಹಿಂದೊಮ್ಮೆ ಜನ ಮನೆಬಾಗಿಲಿಗೆ ‘ನಾಳೆ ಬಾ’ ಎಂದು ಬರೆದಿದ್ದರು. ಈಗ ಅದನ್ನೇ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬರೆದ ಹಾಗಾಗಿದೆ. ಬರುವವರು ಮಾತ್ರ ದೆವ್ವಗಳಲ್ಲ, ಮಕ್ಕಳು.

ಕರೆಂಟು ಹುಟ್ಟುವ ಜಿಲ್ಲೆ

ಇದು ಬೇರೆ ಜಿಲ್ಲೆಯಾಗಿದ್ದರೆ ಅಷ್ಟು ಬೇಸರ ಇರುತ್ತಿರಲಿಲ್ಲ. ಜೋಗದ ನೀರಿನಿಂದ 1948ರಿಂದಲೇ ಕರೆಂಟು ತೆಗೆಯುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯಂತ್ರಗಳು, ಒಟ್ಟು 1035 ಮೆಗಾವಾಟ್. ಆ ನೀರಿನಡಿ ಹೊಲ, ಮನೆ, ತೋಟ ಬಿಟ್ಟು ಎದ್ದುಬಂದ ಮುಳುಗಡೆ ಸಂಸಾರಗಳ ಮೊಮ್ಮಕ್ಕಳು ಇವತ್ತು ಈ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಕೂತಿದ್ದಾರೆ. ಅವರಿಗೆ ಕರೆಂಟಿಲ್ಲ ಎಂದು ಹೇಳುವಾಗ ಸ್ವಲ್ಪ ನಾಚಿಕೆ ಆಗಬೇಕು.

ಕಂಪ್ಯೂಟರ್ ಶಾಲೆಗೆ ಬಂದದ್ದೂ ನಿನ್ನೆ ಮೊನ್ನೆ ಅಲ್ಲ. ಈ ಶತಮಾನದ ಆರಂಭದಲ್ಲೇ ರಾಜ್ಯ ಸರಕಾರ ಮಾಹಿತಿ ಸಿಂಧು ಎಂಬ ಹೆಸರಿನಲ್ಲಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದಿತು. 2004ರ ಡಿಸೆಂಬರ್‌ನಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು, 2010ರಲ್ಲಿ ತಿದ್ದುಪಡಿಯಾಯಿತು, 2018ರಲ್ಲಿ ಸಮಗ್ರ ಶಿಕ್ಷಣದೊಳಗೆ ಸೇರಿತು. ಒಂದು ಶಾಲೆಯ ಲ್ಯಾಬಿಗೆ 6.40 ಲಕ್ಷ ರೂಪಾಯಿವರೆಗೆ ಕೊಡುವ ಲೆಕ್ಕ ಅದರಲ್ಲಿದೆ. ಅಷ್ಟು ದುಡ್ಡಿನ ಸಾಮಾನಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ ಬೀಗ ಹಾಕಿಡುವುದಾದರೆ ಅದು ಲ್ಯಾಬಲ್ಲ, ಗೋಡೌನು.

ವರ್ಷಕ್ಕೆ ಒಂದು ಸಿನಿಮಾದಷ್ಟು

ವ್ಯಾಪಾರಸ್ಥರಿಗೆ ಲೆಕ್ಕದಲ್ಲೇ ಹೇಳಿದರೆ ಬೇಗ ತಿಳಿಯುತ್ತದೆ. ಲೆಕ್ಕಕ್ಕಾಗಿ ಒಂದು ಸಾಧಾರಣ ಶಾಲೆ ತೆಗೆದುಕೊಳ್ಳಿ. ಒಂದು ತರಗತಿಯಲ್ಲಿ 60 ಮಕ್ಕಳು. ಕೆಲಸ ಮಾಡುವ ಕಂಪ್ಯೂಟರ್ 10. ವಾರಕ್ಕೆ ಒಂದು ಪೀರಿಯಡ್, 40 ನಿಮಿಷ. ಪರೀಕ್ಷೆ, ರಜೆ, ಜಯಂತಿ, ಕ್ರೀಡಾಕೂಟ ಎಲ್ಲ ಕಳೆದು ವರ್ಷಕ್ಕೆ 30 ಪೀರಿಯಡ್ ಸಿಕ್ಕಿತು ಅನ್ನಿ.

ಒಂದು ಯಂತ್ರಕ್ಕೆ ಆರು ಮಕ್ಕಳು. 40 ನಿಮಿಷವನ್ನು ಆರು ಜನಕ್ಕೆ ಹಂಚಿದರೆ ತಲೆಗೆ ಏಳು ನಿಮಿಷವೂ ಬರುವುದಿಲ್ಲ. ಮೂವತ್ತು ಪೀರಿಯಡ್ಡಿಗೆ ಒಂದು ಮಗುವಿನ ಬೆರಳು ಕೀಲಿಮಣೆ ಮುಟ್ಟುವುದು ಒಟ್ಟು 200 ನಿಮಿಷ. ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಇದು ಎಲ್ಲ ಸರಿಯಿದ್ದರೆ.

ಈಗ ಆ ಮೂವತ್ತರಲ್ಲಿ ಹತ್ತು ಪೀರಿಯಡ್ ಕರೆಂಟಿಲ್ಲದೆ ಹೋಯಿತು ಅಂತ ಇಟ್ಟುಕೊಳ್ಳಿ. ಉಳಿದದ್ದು ಎರಡು ಗಂಟೆ ಹದಿಮೂರು ನಿಮಿಷ. ಮಲ್ಲಿಕಾರ್ಜುನ ಟಾಕೀಸಿನಲ್ಲಿ ಕೂತು ಒಂದು ಸಿನಿಮಾ ನೋಡಿ ಬರುವಷ್ಟು ಹೊತ್ತು ಸಹ ಅಲ್ಲ. ಶಿವಮೊಗ್ಗದಲ್ಲಿ ಬಸ್ ಹತ್ತಿದವರು ಸಾಗರದಲ್ಲಿ ಇಳಿಯುವಷ್ಟರಲ್ಲಿ ಒಂದು ಮಗುವಿನ ಇಡೀ ವರ್ಷದ ಕಂಪ್ಯೂಟರ್ ವಿದ್ಯೆ ಮುಗಿದುಹೋಯಿತು.

ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಕ್ಕಳಿಗೆ ಇದರಿಂದ ನಷ್ಟ ಇಲ್ಲ. ಈ ಎರಡು ಗಂಟೆ ಬಿಟ್ಟರೆ ಬೇರೆ ಕಡೆ ಕೀಲಿಮಣೆ ಮುಟ್ಟದ ಮಕ್ಕಳಿಗೇ ನಷ್ಟ. ಮುಂದೆ ಕಾಲೇಜಿನ ಅರ್ಜಿ, ಸ್ಕಾಲರ್‌ಶಿಪ್ಪಿನ ಅರ್ಜಿ, ಕೆಲಸದ ಅರ್ಜಿ ಎಲ್ಲ ಕಂಪ್ಯೂಟರಿನಲ್ಲೇ. ಸ್ವಂತ ಹೆಸರು ಟೈಪ್ ಮಾಡಲು ಬಾರದೆ ಸೈಬರ್ ಅಂಗಡಿಯಲ್ಲಿ ದುಡ್ಡು ಕೊಟ್ಟು ನಿಲ್ಲುವವರು ಇವರೇ.

ಹಗಲೇ ಯಾಕೆ ತೆಗೆಯುತ್ತಾರೆ?

“ಈ ಕೆಇಬಿಯವರಿಗೆ ಶಾಲೆ ನಡೆಯುವಾಗಲೇ ಕರೆಂಟ್ ತೆಗೀಬೇಕಾ?” ಎಂದು ಬೈಯುವುದು ಸುಲಭ. 1999ರಲ್ಲಿ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂದು, 2002ರಲ್ಲಿ ಮೆಸ್ಕಾಂ ಬಂದರೂ ಜನರ ಬಾಯಲ್ಲಿ ಇನ್ನೂ ಕೆಇಬಿಯೇ. ಆದರೆ ನ್ಯಾಯ ಹೇಳಬೇಕಲ್ಲ. ಹನ್ನೊಂದು ಸಾವಿರ ವೋಲ್ಟಿನ ತಂತಿ ಮುಟ್ಟಬೇಕಾದವನು ಲೈನ್‌ಮನ್. ಕಂಬ ಹತ್ತುವುದು, ಮುರಿದ ಪಿಂಗಾಣಿ ಬದಲಿಸುವುದು, ತಂತಿಗೆ ತಾಗುವ ಕೊಂಬೆ ಕಡಿಯುವುದು, ಟ್ರಾನ್ಸ್‌ಫಾರ್ಮರ್ ಎಣ್ಣೆ ನೋಡುವುದು, ಇದೆಲ್ಲ ಹಗಲು ಬೆಳಕಿನ ಕೆಲಸ. ರಾತ್ರಿ ಕಂಬ ಹತ್ತು ಎಂದು ಅವನಿಗೆ ಹೇಳುವ ಹಾಗಿಲ್ಲ. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಕರೆಂಟ್ ಹೋಗುವುದರಲ್ಲಿ ಮೂರು ಜಾತಿ. ಮೊದಲನೆಯದು ಮುಂಚಿತವಾಗಿ ಹೇಳಿ ತೆಗೆಯುವುದು. ಎರಡನೆಯದು ಉತ್ಪಾದನೆ ಸಾಲದೆ ಸರದಿಯ ಮೇಲೆ ತೆಗೆಯುವ ಲೋಡ್ ಶೆಡ್ಡಿಂಗ್. 2023ರಲ್ಲಿ ಮಳೆ ಕೈಕೊಟ್ಟಾಗ ಇದನ್ನು ಎಲ್ಲರೂ ಅನುಭವಿಸಿದರು. ಆ ಅಕ್ಟೋಬರ್‌ನಲ್ಲಿ ಸರಕಾರ ವಿದ್ಯುತ್ ಕಾಯಿದೆಯ 11ನೇ ಕಲಮು ಹಿಡಿದು, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕೆಂದು ಆದೇಶ ಮಾಡಬೇಕಾಯಿತು. ಮೂರನೆಯದು ಗಾಳಿ ಮಳೆ ಸಿಡಿಲಿನದು. ಆಗುಂಬೆ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದರೆ ಅದಕ್ಕೆ ಯಾವ ಪ್ರಕಟಣೆಯೂ ಇಲ್ಲ.

ಮೂರನೆಯದಕ್ಕೆ ಶಾಲೆಯ ಕೈಯಲ್ಲಿ ಏನೂ ಆಗದು. ಎರಡನೆಯದಕ್ಕೆ ಅರ್ಧ ಆಗುತ್ತದೆ. ಮೊದಲನೆಯದಕ್ಕೆ ಪೂರ್ತಿ ಆಗುತ್ತದೆ, ಅದೂ ಒಂದು ಪೈಸೆ ಖರ್ಚಿಲ್ಲದೆ.

ಬರ ಕರೆಂಟಿನದಲ್ಲ

ಇನ್ನೊಂದು ಲೆಕ್ಕ. ವಾರಕ್ಕೆ ಒಂದು ಶಾಲೆಯಲ್ಲಿ ಹೆಚ್ಚುಕಡಿಮೆ 40 ಪೀರಿಯಡ್ಡು. ಎಂಟು, ಒಂಬತ್ತು, ಹತ್ತು, ತಲಾ ಎರಡು ವಿಭಾಗ ಅಂದರೆ ಆರು. ವಾರಕ್ಕೆ ಒಂದರಂತೆ ಲ್ಯಾಬ್ ಬಳಕೆಯಾಗುವುದು 6 ಪೀರಿಯಡ್. ಉಳಿದ 34 ಪೀರಿಯಡ್ ಲ್ಯಾಬಿಗೆ ಬೀಗ. ಅವುಗಳಲ್ಲಿ ಬಹುಪಾಲು ಹೊತ್ತು ಕರೆಂಟ್ ಇರುತ್ತದೆ, ಕಂಪ್ಯೂಟರ್ ಇರುತ್ತದೆ, ಮಕ್ಕಳೂ ಪಕ್ಕದ ಕೋಣೆಯಲ್ಲೇ ಇರುತ್ತಾರೆ.

ಹಾಗಾದರೆ ಬರ ಯಾವುದರದು? ಕರೆಂಟಿನದಲ್ಲ. ಅದಲುಬದಲು ಮಾಡುವ ಮನಸ್ಸಿನದು.

ಗುರುವಾರ ಕರೆಂಟ್ ಇಲ್ಲ ಎಂದು ಬುಧವಾರ ಬೆಳಿಗ್ಗೆ ಗೊತ್ತಾದರೆ, ಬುಧವಾರದ ಗಣಿತದ ಪೀರಿಯಡ್ಡನ್ನು ಲ್ಯಾಬಿಗೆ ಕೊಡಿ. ಗುರುವಾರದ ಲ್ಯಾಬಿನ ಪೀರಿಯಡ್ಡಿನಲ್ಲಿ ಗಣಿತ ಮಾಡಿ. ಲಾಗಕ್ಕೆ, ಸಮೀಕರಣಕ್ಕೆ ಕರೆಂಟ್ ಬೇಕಿಲ್ಲ, ಕಪ್ಪುಹಲಗೆ ಸಾಕು. ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರಿಗೆಂದೇ ಬೇರೆ ಶಿಕ್ಷಕರಿಲ್ಲ. ತರಬೇತಿ ಪಡೆದ ಗಣಿತದ ಮೇಷ್ಟ್ರೋ ವಿಜ್ಞಾನದ ಮೇಡಮ್ಮೋ ಲ್ಯಾಬನ್ನೂ ನೋಡಿಕೊಳ್ಳುತ್ತಾರೆ. ಅಂಥ ಕಡೆ ಇನ್ನೂ ಸುಲಭ. ತರಗತಿಯೂ ಅದೇ, ಮೇಷ್ಟ್ರೂ ಅವರೇ. ಯಾರ ಅಪ್ಪಣೆಯೂ ಬೇಡ. ಬೆಳಕಿದ್ದ ದಿನ ಲ್ಯಾಬು, ಇಲ್ಲದ ದಿನ ಲೆಕ್ಕ.

ಉದ್ರಿ ಪುಸ್ತಕ ಇಡಿ

ಆದರೂ ಕೆಲವು ಪೀರಿಯಡ್ ತಪ್ಪಿಯೇ ತಪ್ಪುತ್ತದೆ. ಮರ ಬೀಳುತ್ತದೆ, ಫ್ಯೂಸ್ ಹೋಗುತ್ತದೆ. ಅದಕ್ಕೆ ಗಾಂಧಿ ಬಜಾರಿನ ಯಾವ ದಿನಸಿ ಅಂಗಡಿಯವರನ್ನು ಕೇಳಿದರೂ ಉಪಾಯ ಹೇಳುತ್ತಾರೆ: ಬರೆದಿಡಿ. ಉದ್ರಿ ಬರೆದಿಡದ ಅಂಗಡಿ ಆರು ತಿಂಗಳಲ್ಲಿ ಬಾಗಿಲು ಮುಚ್ಚುತ್ತದೆ.

ಶಾಲೆಯಲ್ಲೂ ಒಂದು ಉದ್ರಿ ಪುಸ್ತಕ ಬೇಕು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ಕು ಸಾಕು. ಯಾವ ವಿಭಾಗ, ಯಾವ ದಿನ, ಎಷ್ಟು ನಿಮಿಷ ತಪ್ಪಿತು, ಯಾವತ್ತು ತೀರಿಸಿದರು, ಇಷ್ಟೇ ನಾಲ್ಕು ಕಾಲಂ. ತಿಂಗಳ ಕೊನೆಗೆ ನೋಡಿದರೆ ಒಂಬತ್ತು ಎ ವಿಭಾಗಕ್ಕೆ ಒಂದೂ ತಪ್ಪಿಲ್ಲ, ಒಂಬತ್ತು ಬಿ ವಿಭಾಗಕ್ಕೆ ಮೂರು ಬಾಕಿ ಅಂತ ಎದ್ದು ಕಾಣುತ್ತದೆ. ಬರೆಯದೇ ಇದ್ದರೆ ಯಾರಿಗೂ ಕಾಣುವುದಿಲ್ಲ. ಕೆಲಸ ನಿಲ್ಲುವ ವಾರವೇ ಒಂದು ವಿಭಾಗದ ಸರದಿಯೂ ಬಿದ್ದರೆ, ಅದೇ ಮಕ್ಕಳು ಮತ್ತೆ ಮತ್ತೆ ಪೆಟ್ಟು ತಿನ್ನುತ್ತಾರೆ. ಮೊದಲು ಬಾಕಿ ಇರುವವರಿಗೆ ತೀರಿಸಿ, ಆಮೇಲೆ ಉಳಿದವರಿಗೆ. ಬುಕ್ಕು ತುಂಬಿಸುವ ಕೆಲಸ ತರಗತಿಯ ಲೀಡರಿಗೇ ಕೊಡಬಹುದು. ಮಕ್ಕಳು ತಮ್ಮ ಬಾಕಿಯನ್ನು ಮರೆಯುವುದಿಲ್ಲ.

ಬಸ್ಸಿನ ಟೈಮು ನೋಡಿ

ಇಲ್ಲಿ ಒಂದು ಎಚ್ಚರಿಕೆ. ತಪ್ಪಿದ ಪೀರಿಯಡ್ಡನ್ನು ಬೆಳಿಗ್ಗೆ ಎಂಟೂವರೆಗೆ, ಇಲ್ಲವೇ ಸಂಜೆ ಐದರ ಮೇಲೆ ಮಾಡಿದರಾಯಿತು ಅನ್ನುವವರಿದ್ದಾರೆ. ಕೇಳಲಿಕ್ಕೆ ಚೆಂದ. ಕರೆಂಟೂ ಇರುತ್ತದೆ, ಹೌದು. ಆದರೆ ಮಕ್ಕಳು ಇರುತ್ತಾರಾ?

ಹಳ್ಳಿಯಿಂದ ಬರುವ ಹುಡುಗಿಗೆ ಬಸ್ಸು ಮುಟ್ಟಿಸುವುದೇ ಒಂಬತ್ತೂ ಮುಕ್ಕಾಲಿಗೆ. ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಆದರೆ ಮಲೆನಾಡಿನ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಆ ಶಕ್ತಿ ಯೋಜನೆ ನಡೆಯುವುದಿಲ್ಲ. ನಡೆಯುವ ಕಡೆಯೂ ಟಿಕೆಟ್ ಬಿಟ್ಟಿಯಾದ ಮಾತ್ರಕ್ಕೆ ಬಸ್ಸು ಬೇಗ ಬರುವುದಿಲ್ಲ. ಬೆಳಗಿನ ವಿಶೇಷ ತರಗತಿ ಅಂದರೆ ಊರೊಳಗಿನ ಮಕ್ಕಳಿಗೆ ಎರಡು ಪಾಲು, ಬಸ್ಸಿನ ಮಕ್ಕಳಿಗೆ ಸೊನ್ನೆ. ಹಾಗಾಗಿ ಬಾಕಿ ತೀರಿಸುವುದು ಶಾಲೆಯ ಹೊತ್ತಿನೊಳಗೇ ಆಗಬೇಕು.

ಶನಿವಾರ ಮಾತ್ರ ಬೇರೆ ಮಾತು. ಅವತ್ತು ಬೆಳಗಿನ ಶಾಲೆ, ಎಲ್ಲರೂ ಬೇಗ ಬಂದೇ ಬರುತ್ತಾರೆ. ಹತ್ತು ಗಂಟೆಗೆ ಕರೆಂಟ್ ತೆಗೆದರೂ ಅಷ್ಟರೊಳಗೆ ಎರಡು ಪೀರಿಯಡ್ ಸಿಗುತ್ತದೆ. ಬಾಕಿ ತೀರಿಸಲು ಶನಿವಾರದ ಮೊದಲೆರಡು ಪೀರಿಯಡ್ಡಿಗಿಂತ ಒಳ್ಳೇ ಹೊತ್ತಿಲ್ಲ.

ಬ್ಯಾಟರಿಗೂ ರೇಷನ್

ಯುಪಿಎಸ್ಸು, ಇನ್ವರ್ಟರು ಇದೆಯಲ್ಲ ಅನ್ನುತ್ತಾರೆ. ಇದೆ, ಆದರೆ ಅದನ್ನು ಕೊಲ್ಲುವುದು ಬಳಸುವ ಕ್ರಮ. 150 ಆಂಪಿಯರ್ ಅವರ್‌ನ ಎರಡು ಹೊಸ ಬ್ಯಾಟರಿ ಇದ್ದವು ಅನ್ನಿ. ಒಂದು ಕಂಪ್ಯೂಟರಿಗೆ 120 ವಾಟ್ ಅಂತ ಹತ್ತನ್ನೂ ಹಚ್ಚಿದರೆ 1200 ವಾಟ್. ಒಂದೂವರೆ ಗಂಟೆ ಬಂದರೆ ಪುಣ್ಯ. ಮೂರನ್ನೇ ಹಚ್ಚಿದರೆ ಐದು ಗಂಟೆ ಸಲೀಸು, ಅಂದರೆ ಹೆಚ್ಚುಕಡಿಮೆ ಇಡೀ ಶಾಲೆಯ ಹೊತ್ತು. ಇಲ್ಲವೇ ಒಂದು ಕಂಪ್ಯೂಟರು, ಒಂದು ಪ್ರೊಜೆಕ್ಟರು ಹಚ್ಚಿ ಗೋಡೆಯ ಮೇಲೆ ಅರವತ್ತು ಮಕ್ಕಳಿಗೂ ತೋರಿಸಿ. ಬ್ಯಾಟರಿಯಿಂದ ಎಳೆಯುವ ಭಾರ ಅಷ್ಟೇ.

ಪೂರ್ತಿ ಬರಿದಾಗುವವರೆಗೆ ಎಳೆದು, ಹಾಗೇ ಎರಡು ದಿನ ಚಾರ್ಜ್ ಮಾಡದೆ ಬಿಟ್ಟರೆ ಸೀಸದ ಬ್ಯಾಟರಿಯ ಒಳಗೆ ಬಿಳಿ ಹರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದ್ದು ಯಾವಾಗ ಎಂದು ಕೇಳಿದರೆ ಎಷ್ಟೋ ಕಡೆ ಮುಖ ಮುಖ ನೋಡುತ್ತಾರೆ. ಬಸ್ಸಿನ ಡ್ರೈವರ್ ತನ್ನ ಗಾಡಿಯ ಬ್ಯಾಟರಿಗೆ ಮಾಡುವಷ್ಟು ಉಪಚಾರ ಶಾಲೆಯ ಬ್ಯಾಟರಿಗೂ ಬೇಕು.

ಇನ್ನೊಂದು ಅಭ್ಯಾಸ. ಕರೆಂಟ್ ಹೋಗುವ ಹೊತ್ತು ಹತ್ತು ಗಂಟೆ ಅಂತಿದ್ದರೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮಕ್ಕಳ ಕೆಲಸ ಸೇವ್ ಮಾಡಿಸಿ, ಕ್ರಮವಾಗಿ ಬಂದ್ ಮಾಡಿಸಿ, ಪ್ಲಗ್ಗಿನ ಸ್ವಿಚ್ಚೂ ತೆಗೆಸಬೇಕು. ಓಡುತ್ತಿರುವ ಯಂತ್ರ ಫಕ್ಕನೆ ನಿಂತರೆ ಮಗು ಟೈಪ್ ಮಾಡಿದ್ದು ಹೋಗುತ್ತದೆ, ಒಳಗಿನ ಡಿಸ್ಕೂ ಕೆಡಬಹುದು. ಕರೆಂಟ್ ವಾಪಸ್ ಬರುವಾಗ ವೋಲ್ಟೇಜು ಕುಣಿಯುತ್ತದೆ, ಐದು ನಿಮಿಷ ತಾಳಿ ಹಚ್ಚಬೇಕು. ಸತ್ತ ಕಂಪ್ಯೂಟರಿಗೆ ಬಿಡಿಭಾಗ ಬರುವುದು ಎಂದೋ ಏನೋ.

ಚಾವಣಿ ಮೇಲೆ ಸೋಲಾರ್ ಇದೆಯಲ್ಲ!

ದಾನಿಗಳು ಸೋಲಾರ್ ಕೊಡಲು ಮುಂದೆ ಬರುವುದುಂಟು. ಒಳ್ಳೆಯದೇ. ಆದರೆ ಕೊಡುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಬ್ಯಾಟರಿ ಇರುವುದಾ, ಇಲ್ಲದ್ದಾ? ಬ್ಯಾಟರಿ ಇಲ್ಲದೆ ಬರೀ ಮೆಸ್ಕಾಂ ಲೈನಿಗೆ ಜೋಡಿಸುವ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಬಿಸಿಲು ಎಷ್ಟೇ ಇರಲಿ. ಅದು ಕೆಟ್ಟದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಇಲ್ಲದಿದ್ದರೆ ಶಾಲೆಯ ಚಾವಣಿಯಿಂದ ತಂತಿಗೆ ಹರಿದ ಕರೆಂಟು ಕಂಬದ ಮೇಲಿರುವ ಲೈನ್‌ಮನ್ನಿನ ಪ್ರಾಣ ತೆಗೆಯುತ್ತದೆ. ಇದು ಗೊತ್ತಿಲ್ಲದೆ ಹಾಕಿಸಿದರೆ ಬಿಲ್ಲು ಕಡಿಮೆಯಾದೀತು, ಲ್ಯಾಬು ಮಾತ್ರ ಕತ್ತಲಲ್ಲೇ. ಮಲೆನಾಡಿನ ಮಳೆಗಾಲದ ಮೋಡವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕತ್ತಲಲ್ಲೂ ಕಲಿಸಬಹುದು

ಕಂಪ್ಯೂಟರ್ ಪಾಠ ಎಲ್ಲವೂ ಪರದೆಯ ಮೇಲೇ ಇಲ್ಲ. ರಟ್ಟಿನ ಮೇಲೆ ಕೀಲಿಮಣೆ ಬರೆದು ಬೆರಳು ಕೂರಿಸುವುದನ್ನು ಕಲಿಸಬಹುದು. ಕೆಟ್ಟು ಮೂಲೆ ಸೇರಿದ ಒಂದು ಡಬ್ಬ ಬಿಚ್ಚಿ ಇದು ಫ್ಯಾನು, ಇದು ಮೆಮೊರಿ ಎಂದು ಕೈಗೆ ಕೊಡಬಹುದು. ಸೊನ್ನೆ ಒಂದರ ಲೆಕ್ಕವನ್ನು ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈ ಎತ್ತಿದರೆ ಒಂದು, ಇಳಿಸಿದರೆ ಸೊನ್ನೆ ಎಂದು ಆಟದ ಹಾಗೆ ಕಲಿಸಬಹುದು. ಮುಂದಿನ ವಾರ ಟೈಪ್ ಮಾಡಬೇಕಾದ ಪತ್ರವನ್ನು ಇವತ್ತೇ ಹಾಳೆಯಲ್ಲಿ ಬರೆಸಿಟ್ಟರೆ, ಆ ಏಳು ನಿಮಿಷದಲ್ಲಿ ಮಗು ಯೋಚಿಸುತ್ತ ಕೂರುವುದಿಲ್ಲ. ಥಿಯರಿ ಕರೆಂಟಿಲ್ಲದ ದಿನಕ್ಕೆ, ಪ್ರಾಕ್ಟಿಕಲ್ ಇರುವ ದಿನಕ್ಕೆ. ಬೆಳಕಿದ್ದ ದಿನ ಲ್ಯಾಬಿನಲ್ಲಿ ಕೂರಿಸಿ ನೋಟ್ಸ್ ಬರೆಸುವುದು ಮಾತ್ರ ಬೇಡ ಮಾರಾಯ್ರೇ.

ಯಾರು ಮಾಡಬೇಕು?

ಹೆಡ್‌ಮಾಸ್ಟರು ಒಬ್ಬರನ್ನು ನೇಮಿಸಬೇಕು. ಅವರ ಕೆಲಸ ಒಂದೇ, ದಿನಾ ಪತ್ರಿಕೆಯ ಪ್ರಕಟಣೆ ನೋಡಿ, ಬೇಕಾದರೆ ಸೆಕ್ಷನ್ ಆಫೀಸಿಗೋ 1912ಕ್ಕೋ ಫೋನ್ ಮಾಡಿ, ಸಂಜೆ ನಾಲ್ಕರೊಳಗೆ ಸ್ಟಾಫ್ ರೂಮಿನ ಬೋರ್ಡಿನಲ್ಲಿ ಮರುದಿನದ ಕರೆಂಟಿನ ಸಮಾಚಾರ ಬರೆಯುವುದು. ಶಾಲಾಭಿವೃದ್ಧಿ ಸಮಿತಿಯವರು ಜೂನ್‌ನಲ್ಲೇ ಲ್ಯಾಬಿನ ವೇಳಾಪಟ್ಟಿಯ ಒಂದು ಪ್ರತಿಯನ್ನು ಮೆಸ್ಕಾಂ ಕಚೇರಿಗೆ ಕೊಟ್ಟು ಬರಲಿ. ಒಂದು ಶಾಲೆಗಾಗಿ ಆಲ್ಕೊಳದ ಕೇಂದ್ರದ ಕೆಲಸ ಮುಂದಕ್ಕೆ ಹಾಕಿ ಎಂದು ಕೇಳುವ ಹಾಗಿಲ್ಲ. ದೊಡ್ಡ ಕೆಲಸವನ್ನು ದಸರಾ ರಜೆಗೆ, ಬೇಸಿಗೆ ರಜೆಗೆ ಹಾಕಿಕೊಳ್ಳಿ, ಒಂದು ಫೀಡರಿಗೆ ಪ್ರತಿ ಸಲವೂ ಅದೇ ವಾರ ಬೀಳದ ಹಾಗೆ ನೋಡಿ ಎಂದು ಕೇಳಬಹುದು. ಕೇಳುವುದಕ್ಕೆ ಕಾಸಿಲ್ಲ.

ಅಂಗಡಿಯವರೂ ಒಂದು ಕೈ ಹಚ್ಚಬಹುದು. ಕರೆಂಟ್ ಹೋಗುವ ಸುದ್ದಿ ಮೊದಲು ಮುಟ್ಟುವುದು ಅವರಿಗೇ. ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯವರು ನಾಳೆ ಕರೆಂಟಿಲ್ಲ ಎಂದು ಬೋರ್ಡ್ ಬರೆದ ದಿನ, ಗೇಟಿನ ಹತ್ತಿರ ಕಂಡ ಮೇಷ್ಟ್ರಿಗೆ ಒಂದು ಮಾತು ಹೇಳಿದರಾಯಿತು: “ಸಾರ್, ನಾಳೆ ಹತ್ತಕ್ಕೆ ತೆಗೀತಾರಂತೆ, ನಿಮ್ಮ ಕಂಪ್ಯೂಟರ್ ಕ್ಲಾಸ್ ಇವತ್ತೇ ಮಾಡಿಬಿಡಿ.”

ಅಪ್ಪ ಅಮ್ಮಂದಿರು ಮಾಡಬೇಕಾದದ್ದು ಇನ್ನೂ ಸಣ್ಣದು. ಸಂಜೆ ಮಗು ಮನೆಗೆ ಬಂದಾಗ ಇವತ್ತು ಲ್ಯಾಬ್ ಆಯಿತಾ ಎಂದು ಕೇಳಿ. ಇಲ್ಲ ಎಂದರೆ, ಬಾಕಿ ಬರೆದುಕೊಂಡರಾ ಎಂದು ಕೇಳಿ. ಮುಂದಿನ ಪೋಷಕರ ಸಭೆಯಲ್ಲಿ ಆ ಪುಸ್ತಕ ತೋರಿಸಿ ಎನ್ನಿ.